ಎರಡನೇ ಕೀ ಯಾರ ಜೇಬಿನಲ್ಲಿದೆ?

ಬೀದಿದೀಪ ಇನ್ನೂ ಆರಿಲ್ಲ. ಅರ್ಧ ಶಟರ್ ಎತ್ತಿದ ಅಂಗಡಿಯ ಮುಂದೆ ನರ್ಸ್ ಒಬ್ಬರು ಏದುಸಿರು ಬಿಡುತ್ತಾ ತಮ್ಮ ಬೈಕು ತಳ್ಳಿಕೊಂಡು ಬಂದು ನಿಲ್ಲಿಸುತ್ತಾರೆ. ಸೆಕೆಂಡ್‌ಹ್ಯಾಂಡ್ ಗಾಡಿ. ಅದರ ರಿಮೋಟ್ ಕೀ ಯೂನಿಫಾರ್ಮಿನ ಜೇಬಿನಲ್ಲೇ ಉಳಿದು, ವಾಷಿಂಗ್ ಮಷೀನಿನಲ್ಲಿ ಗಿರಗಿರ ತಿರುಗಿ ಪ್ರಾಣ ಬಿಟ್ಟಿದೆ. ಒಳಗಿಂದ ಟಾರ್ಚ್ ಹಿಡಿದು ಬರುವವರೇ ಈ ಬೀದಿಗೆಲ್ಲ ‘ಕೀ ಅಕ್ಕ’.

ಅಕ್ಕ ಮೊದಲು ಗಾಡಿಯ ಕಾಗದ ನೋಡುತ್ತಾರೆ, ಆಮೇಲೆ ತಂದವರ ಮುಖ. ಸೀಟು ಬಿಚ್ಚಿ, ಅಡಿಯ ವೈರಿಗೆ ತಮ್ಮ ಪುಟ್ಟ ಮಷೀನು ಸಿಕ್ಕಿಸುತ್ತಾರೆ.

“ಮಾರಿದೋರು ಎಷ್ಟು ಕೀ ಕೊಟ್ರಮ್ಮ?”

“ಇದೊಂದೇ ಅಕ್ಕ. ಇನ್ನೊಂದು ಯಾವತ್ತೋ ಕಳೆದುಹೋಯ್ತು ಅಂದ್ರು.”

“ಗಾಡಿ ಇನ್ನೂ ಅದನ್ನ ಮರೆತಿಲ್ಲ, ನೋಡಿ. ಮಷೀನಲ್ಲಿ ಎರಡು ಕೀ ತೋರಿಸ್ತಿದೆ. ಅದು ಯಾರ ಹತ್ರ ಇದ್ರೂ ನಿಮ್ಮ ಗಾಡಿ ಸ್ಟಾರ್ಟ್ ಮಾಡ್ಬಹುದು.”

ನರ್ಸ್ ಮೆಟ್ಟಿಲ ಮೇಲೆ ಕೂರುತ್ತಾರೆ. ನೈಟ್ ಡ್ಯೂಟಿ ಮುಗಿಸಿ ಮಲಗಿ ಎದ್ದರೆ ತುಂಬಿಸಿದ ಪೆಟ್ರೋಲು ಇಳಿದಿರುತ್ತಿತ್ತಂತೆ, ಕನ್ನಡಿ ಬೇರೆ ಕಡೆ ತಿರುಗಿರುತ್ತಿತ್ತಂತೆ.

“ತಮ್ಮನೇ ಅಂದ್ಕೊಂಡೆ. ಮುಟ್ಟಿಲ್ಲ ಅಂತ ಆಣೆ ಮಾಡ್ದ. ಆದ್ರೂ ಕಳ್ಳ ಅಂದ್ಬಿಟ್ಟೆ ಅಕ್ಕ! ಮನೆ ಬಿಟ್ಟು ಗೆಳೆಯನ ರೂಮಲ್ಲಿದಾನೆ, ನನ್ನ ಫೋನೂ ಎತ್ತಲ್ಲ.”

ಕೀ ಅಕ್ಕನ ಬಗ್ಗೆ ಸುಮ್ಮನೆ ನಾಲ್ಕು ಮಾತು ಬರೆದುಕೊಳ್ಳಲು ಬಂದ ನಾನೂ ಕೇಳಿಯೇಬಿಡುತ್ತೇನೆ. ಕಳ್ಳನಾದರೆ ಹೊತ್ತೊಯ್ಯುತ್ತಾನೆ. ಮನೆಯ ನೆಂಟನ ಹಾಗೆ ಒಯ್ದು, ತಂದು, ಮತ್ತೆ ಅದೇ ಜಾಗದಲ್ಲಿ ನಿಲ್ಲಿಸುವ ಇವನು ಯಾರು?

“ಅದನ್ನ ಈ ಮಷೀನ್ ಹೇಳಲ್ಲ. ಪೊಲೀಸರ ಹತ್ರ ಹೋಗಿ. ನನ್ನ ಕೆಲ್ಸ ಬಾಗಿಲು ಮುಚ್ಚೋದು,” ಎನ್ನುತ್ತಾ ಅಕ್ಕ ಹಳೆಯ ಕೀಗಳನ್ನೆಲ್ಲ ಗಾಡಿಯ ನೆನಪಿನಿಂದ ಅಳಿಸುತ್ತಾರೆ. “ಆಯ್ತು. ಆ ಪುಣ್ಯಾತ್ಮನ ಕೈಲಿರೋದು ಇನ್ನು ಬರೀ ಪ್ಲಾಸ್ಟಿಕ್ಕು.”

ಅಂಗಡಿ ಅಕ್ಕನ ಗಂಡನದು. ಅರ ಹಿಡಿದು ಕಬ್ಬಿಣದ ಕೀ ಉಜ್ಜುತ್ತಿದ್ದವರಿಗೆ ಕಣ್ಣು ಮಂಜಾಯಿತು. ಈಗ ಹಿಂದಿನ ಕೋಣೆಯಲ್ಲಿ ಕೂತು ಬೆರಳಿನ ಅಂದಾಜಿನಲ್ಲೇ ರಿಮೋಟ್ ಬಿಚ್ಚಿ ಬ್ಯಾಟರಿ ಬದಲಿಸುತ್ತಾರೆ. ದಿನಕ್ಕೆ ನಾಲ್ಕೈದು ಗಾಡಿ ಬಂದರೆ ಇಬ್ಬರಿಗೂ ಕೈತುಂಬ ಕೆಲಸ. ಗಂಡನ ಬದಲು ಈ ಮಷೀನಿನ ಕೆಲಸ ಕಲಿತ ಹೊಸತರಲ್ಲಿ ಅಕ್ಕ ಹಳೆಯ ಕೀ ಅಳಿಸದೆ ಹೊಸ ಕೀ ಮಾತ್ರ ಸೇರಿಸಿಕೊಟ್ಟಿದ್ದರು. ಪಾರ್ಸೆಲ್ ಹಂಚುವವನೊಬ್ಬನ ಗಾಡಿ ಆ ಹಳೆಯ ಕೀಯಿಂದಲೇ ಮನೆಬಾಗಿಲಿಂದ ಮಾಯವಾಯಿತು.

“ಬೈದಿದ್ರೆ ಸಹಿಸ್ಕೊಳ್ತಿದ್ದೆ. ಹೆಲ್ಮೆಟ್ ತೊಡೆ ಮೇಲಿಟ್ಕೊಂಡು ಇದೇ ಮೆಟ್ಟಿಲ ಮೇಲೆ ಕೂತು ಅತ್ತ. ಮನೆಗೆ ಬೀಗ ಹಾಕಿ ಕಳ್ಳನ ಕೈಗೇ ಕೀ ಕೊಟ್ಟಂಗಾಯ್ತಲ್ಲ ನನ್ನ ಕೆಲ್ಸ! ಅವತ್ತಿಂದ ಅಳಿಸದೆ ಹೊಸದು ಸೇರಿಸಲ್ಲ.”

ನರ್ಸಿನ ಕರೆಗೆ ತಮ್ಮ ಈಗಲೂ ಓಗೊಡುವುದಿಲ್ಲ. ಕೀ ಅಕ್ಕ ನಂಬರ್ ಕೇಳಿ ಸ್ವಂತ ಫೋನಿನಿಂದಲೇ ಹಚ್ಚುತ್ತಾರೆ.

“ನಾನು ಕೀ ಅಂಗಡಿಯವಳು ಕಣಪ್ಪ. ನಿಮ್ಮಕ್ಕನ ಗಾಡಿನೇ ಕೇಳ್ದೆ. ಹೊರಗೆ ಇನ್ನೊಂದು ಕೀ ಇದೆ, ನೀನಲ್ಲ ಅಂತು. ಬಾ.”

ಅವನಿಗಾಗಿ ಕಾಯುವಾಗ, ನಿಮ್ಮ ಆಸೆಯೇನೆಂದು ಕೀ ಅಕ್ಕನನ್ನು ಕೇಳುತ್ತೇನೆ. ಅಕ್ಕ ನಗುತ್ತಾರೆ. “ಹಳೆ ಗಾಡಿ ಮಾರೋರು ಎಲ್ಲಾ ಕೀನೂ ಕೊಟ್ಬಿಟ್ರೆ ಸಾಕು. ನನ್ನ ಅರ್ಧ ವ್ಯಾಪಾರ ಹೋಗತ್ತೆ. ಹೋಗ್ಲಿ ಬಿಡಿ.”

ಬೆಳಕು ಹರಿಯುವಷ್ಟರಲ್ಲಿ ತಮ್ಮ ಬರುತ್ತಾನೆ. ಕೆದರಿದ ಕೂದಲು, ಉಲ್ಟಾ ಹಾಕಿದ ಟೀ ಶರ್ಟು. ತನ್ನ ಅಕ್ಕನ ಮುಖ ನೋಡದೆ ಕಂಬಕ್ಕೊರಗಿ ನಿಲ್ಲುತ್ತಾನೆ. ಗಾಡಿಗೆ ಸೇರಿಸಿದ ಎರಡು ಹೊಸ ಕೀ ಒಂದರ ಹಿಂದೊಂದು ಬೀಪ್ ಎನ್ನುತ್ತವೆ.

“ಒಂದು ನಿಮಗೆ. ಎರಡನೇದು ಯಾರಿಗೆ? ಅದು ಹೇಳ್ದೆ ನಾನು ಯಾರಿಗೂ ಕೊಡಲ್ಲ,” ಎನ್ನುತ್ತಾರೆ ಕೀ ಅಕ್ಕ.

ನರ್ಸ್ ಎದ್ದು ಹೋಗಿ, ತಮ್ಮನ ಮುಷ್ಟಿ ಬಿಡಿಸಿ ಅದನ್ನು ಅಂಗೈಯಲ್ಲಿಡುತ್ತಾರೆ. “ತಪ್ಪಾಯ್ತು ಕಣೋ.”

ಅವನು ಕೀಯನ್ನು ಜೇಬಿಗಿಳಿಸುತ್ತಾನೆ. ಮೂಗು ಒರೆಸಿಕೊಳ್ಳುತ್ತಾನೆ.

“ಪೆಟ್ರೋಲ್ ಮಾತ್ರ ನೀನೇ ಹಾಕಿಸ್ಬೇಕು.”