ಗಾಡಿ ತಿರುಗುವ ಇಳಿಜಾರಿನ ಗರಿಕೆ

ಇಳಿಜಾರಿನಲ್ಲಿರುವ ಗರಿಕೆಯನ್ನು ಕೀಳಬೇಡಿ ಎಂದು ಕಳೆ ಕೀಳುವ ಹೆಂಗಸರ ಮೇಸ್ತ್ರಿಗೆ ಹೇಳಿದ್ದೆನೋ ಇಲ್ಲವೋ, ನನಗೆ ಈಗಲೂ ಗೊತ್ತಿಲ್ಲ. ನೀರಿನ ತೊಟ್ಟಿಯ ಪಕ್ಕ ನಿಂತು, ಕೈ ತೋರಿಸಿ ಹೇಳಿದಂತೆ ನೆನಪಿದೆ. ಆದರೆ ಆ ನೆನಪಿನಲ್ಲಿ ಆಕೆಯ ಉತ್ತರವಿಲ್ಲ. ಉತ್ತರ ಕೊಡದೆ ಬಿಡುವ ಹೆಂಗಸಲ್ಲ ಆಕೆ. ಹಾಗಾಗಿ ನೆನಪನ್ನೇ ನಂಬಲಾರೆ.

ಮಧುಗಿರಿಯ ಹೊರಗಿನ ರೆಸಾರ್ಟೊಂದರ ಪುಟ್ಟ ಗಾಲ್ಫ್ ಮೈದಾನಕ್ಕೆ, ಕೃಷಿ ವಿಶ್ವವಿದ್ಯಾಲಯದಲ್ಲಿ ಓದಿದವನೆಂದು ನನ್ನನ್ನು ಕರೆಸಿದ್ದರು. ಬ್ಯಾಟರಿ ಗಾಡಿಗಳು ತಿರುಗುವ ಇಳಿಜಾರೇ ಅಲ್ಲಿನ ತಲೆನೋವು. ಕೆಳಗೆ ಬಂಡೆ, ಮೇಲೆ ಒಂದಿಷ್ಟು ಗರಸು ಮಣ್ಣು. ನರ್ಸರಿಯಿಂದ ತಂದು ಹಾಸಿದ ಮೆತ್ತನೆಯ ಹುಲ್ಲು ಪ್ರತಿ ಬೇಸಿಗೆ ಸುಟ್ಟುಹೋಗುತ್ತಿತ್ತು. ನಾಲ್ಕಾರು ಬಗೆಯ ಹುಲ್ಲನ್ನು ಕುಂಡದಲ್ಲಿ ಬೆಳೆಸಿ, ನೀರು ಹಾಕುವುದನ್ನು ನಿಲ್ಲಿಸಿ, ಚಪ್ಪಲಿಯಿಂದ ತುಳಿದು ನೋಡಿದೆ. ಉಳಿದದ್ದು ಗರಿಕೆ. ಹೆಂಗಸರ ರಜೆಯ ದಿನ, ಇಬ್ಬರು ಆಳುಗಳೊಂದಿಗೆ ಅದನ್ನೇ ನೆಟ್ಟೆ.

ಅದು ಚಿಗುರಿ ನೆಲ ಹಿಡಿಯುತ್ತಿದ್ದಾಗ ಸದಸ್ಯರ ಪಂದ್ಯ ಹತ್ತಿರ ಬಂತು. ಒಂದೂ ಕಳೆ ಕಾಣಬಾರದೆಂದು ಮ್ಯಾನೇಜರ್ ಹೇಳಿದ್ದರಂತೆ. ನಾನು ಹೋಗುವಷ್ಟರಲ್ಲಿ ಹೆಂಗಸರು ಇಳಿಜಾರನ್ನು ಮುಗಿಸಿದ್ದರು. ರಾಗಿ ಹೊಲದಲ್ಲಿ ಮಾಡುವಂತೆಯೇ, ಗರಿಕೆಯ ಬೇರು ಮೇಲೆ ಮಾಡಿ ಬಿಸಿಲಿಗೆ ಗುಡ್ಡೆ ಹಾಕಿದ್ದರು.

“ನೋಡಿ ಸಾ, ಹೆಂಗೈತೆ!” ದಿನಾ ಕೊಡಿಗೇನಹಳ್ಳಿ ಬಸ್ಸಿನಲ್ಲಿ ಕೆಲಸಕ್ಕೆ ಬರುತ್ತಿದ್ದ ಮೇಸ್ತ್ರಿ ಸೊಂಟ ನೆಟ್ಟಗೆ ಮಾಡಿಕೊಂಡರು. “ಇಷ್ಟು ಗರಿಕೆ ಬುಟ್ಟಿದ್ರೆ ನಮ್ಮತ್ತೆ ನನ್ನೇ ಹೊಲ್ದಾಗೆ ಹೂತಾಕ್ತಿದ್ಲು.”

“ಅಮ್ಮಾ, ಅದು ನಾವೇ ನೆಟ್ಟಿದ್ದು.”

ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. “ಗರಿಕೆನ ಯಾರಾನಾ ನೆಡ್ತಾರೇನ್ ಸಾ?”

ಮೇಸ್ತ್ರಿ ನನ್ನ ಮುಖ ನೋಡಿದರು. “ಲೇ, ಸುಮ್ಕಿರ್ರೇ! ಸಾ, ನಂಗೆ ಒಂದ್ ಮಾತು ಹೇಳ್ಬಾರ್ದಿತ್ತಾ?”

“ಹೇಳಿದ್ದೆನಲ್ಲವಾ?” ಎಂದೆ. ನಿಜಕ್ಕೂ ಕೇಳುತ್ತಿದ್ದೆ.

ಮ್ಯಾನೇಜರ್ ಬಂದು ನೋಡಿದವರೇ, ನಾಳೆಯಿಂದ ಬರಬೇಡಮ್ಮ ಎಂದುಬಿಟ್ಟರು. ಬೇರು ಬಂಡೆಯ ಸಂದಿನಲ್ಲಿ ಉಳಿದಿರುತ್ತದೆ, ಮಳೆ ಬಿದ್ದರೆ ಹುಲ್ಲು ತಾನೇ ಬರುತ್ತದೆ, ಇವರನ್ನು ಕಳಿಸಬೇಡಿ ಎಂದೆ.

“ಪಂದ್ಯ ಈ ವಾರ. ಮಳೆ ನೀವು ತರಿಸ್ತೀರಾ?”

“ತಪ್ಪು ನನ್ನದೂ ಇರಬಹುದು.”

“ಇರಬಹುದಾ, ಇದೆಯಾ? ಇವರಿಗೆ ಹೇಳಿದ್ರಾ, ಇಲ್ವಾ?”

ಇಲ್ಲ ಎಂದಿದ್ದರೆ ಆಕೆ ಉಳಿಯುತ್ತಿದ್ದರೇನೋ. ಆದರೆ ತೊಟ್ಟಿಯ ಪಕ್ಕದ ಆ ಚಿತ್ರ ಕಣ್ಣಿಗೆ ಅಡ್ಡ ಬಂತು. “ಸರಿಯಾಗಿ ನೆನಪಿಲ್ಲ” ಎಂದೆ. ಮ್ಯಾನೇಜರ್ ಹೊರಟುಹೋದರು.

ಮೇಸ್ತ್ರಿ ಊಟದ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡರು. “ಬುಡಿ ಸಾ. ನೀವ್ ಹೇಳಿದ್ರೂ ಕೀಳ್ತಿದ್ನೇನೋ. ಗರಿಕೆ ಕಂಡ್ರೆ ಕೈ ಸುಮ್ಕಿರಾಕಿಲ್ಲ.”

ಮಳೆಗಾಲ ಕಳೆದ ಮೇಲೆ ಮತ್ತೆ ಅಲ್ಲಿಗೆ ಹೋದೆ. ಇಳಿಜಾರು ಹಸಿರಾಗಿತ್ತು. ಯಾರಾದರೂ ಮತ್ತೆ ನೆಟ್ಟರೇ ಎಂದು ಹೊಸ ಮೇಸ್ತ್ರಿಯನ್ನು ಕೇಳಿದೆ, ಆಳುಗಳನ್ನೂ ಕೇಳಿದೆ. ಸಾಲದೆಂದು ಮಂಡಿಯೂರಿ ಮಣ್ಣು ಕೆದಕಿ ನೋಡಿದೆ. ಅದು ಹಳೆಯ ಬೇರಿನಿಂದಲೇ ಬಂದ ಗರಿಕೆ. ಯಾರೂ ಮತ್ತೆ ನೆಟ್ಟಿರಲಿಲ್ಲ.