ಒಂದೇ ಕೆನ್ನೆಯ ಕ್ಷೌರ

“ಅಮ್ಮಾ, ತಾತನಿಗೆ ‘ಸ್‌ಸ್‌ಸ್’ ಅನ್ನೋಕೆ ಯಾರೂ ಇಲ್ವಾ? ಅವರೇ ಅಂದ್ಕೋತಾರೆ.”

ನಾಲ್ಕು ವರ್ಷದ ಮಗಳ ಮಾತಿಗೆ ತಾಯಿ ಬೆಚ್ಚಿದಳು. ಕೂಸಿಗೆ ಉಚ್ಚೆ ಮಾಡಿಸಲು ಅವಳು ಆಗಷ್ಟೇ ಹಾಗೆ ಸದ್ದು ಮಾಡಿದ್ದಳು. ಬಚ್ಚಲಿನ ಕಡೆ ಕಿವಿಗೊಟ್ಟಳು. ನಲ್ಲಿ ಸುರಿಯುತ್ತಿತ್ತು, ಅದರ ಮರೆಯಲ್ಲಿ ಅರವತ್ತಮೂರರ ಮಾವ ತಮ್ಮನ್ನು ತಾವೇ ಪುಸಲಾಯಿಸಿಕೊಳ್ಳುತ್ತಿದ್ದರು.

ಕೇಳುವುದು ಹೇಗೆ? ಹೊರಬಂದ ಮಾವನಿಗೆ ಅವಳು ಶೀತದ ಮಾತ್ರೆ ಕೊಟ್ಟಳು. “ಕತ್ತಿ ಹಿಡಿದವನು ಸೀನಬಾರದಮ್ಮ” ಎಂದು ಹಿಂದಿನ ದಿನವೂ ಒಂದು ನುಂಗಿದ್ದರು.

ಮಾವ ಕ್ಷೌರಿಕರು. ಬೀದಿ ಮೂಲೆಯಲ್ಲಿ ಎರಡು ಕುರ್ಚಿಯ ಅಂಗಡಿ, ನಲವತ್ತು ವರ್ಷ ಪಳಗಿದ ಕೈ. ಈಚೆಗೆ ಒಂದು ಕೆನ್ನೆ ಮುಗಿಸಿ, ಕತ್ತಿ ಮಡಚಿ, “ಬಂದೆ” ಎಂದು ಹಿಂದಕ್ಕೆ ಹೋದರೆ ಗಿರಾಕಿಯ ಇನ್ನೊಂದು ಕೆನ್ನೆಯ ನೊರೆ ಒಣಗುತ್ತಿತ್ತು. “ಏನಣ್ಣ, ಉಳಿದದ್ದಕ್ಕೆ ನಾಳೆ ಬರ್ಬೇಕಾ?” ಎಂದು ಪಕ್ಕದ ಬೀಗ ರಿಪೇರಿಯವನು ಕಾಲೆಳೆಯುತ್ತಿದ್ದ. ಸೊಸೆ ತುಂಬಿಸಿಕೊಟ್ಟ ನೀರಿನ ಬಾಟಲಿ ಸಂಜೆ ತುಂಬಿದ ಹಾಗೇ ಮನೆಗೆ ಬರುತ್ತಿತ್ತು. ಮರೆತಿರಬೇಕು ಎಂದುಕೊಂಡಿದ್ದಳು ಅವಳು.

ಮಧ್ಯಾಹ್ನ ಬೀಗದವನ ಫೋನು. “ತಂಗಿ, ಬೇಗ ಬಾ. ಅಣ್ಣ ನೆಲದ ಮೇಲೆ ಕೂತ್ಬಿಟ್ಟಿದ್ದಾರೆ.”

ಮಕ್ಕಳನ್ನು ಪಕ್ಕದ ಮನೆಯವರಿಗೊಪ್ಪಿಸಿ ಓಡಿದಳು. ಮಾವನ ಮುಖ ಬೆವರಿ ಬಿಳುಚಿಕೊಂಡಿತ್ತು, ಕಿಬ್ಬೊಟ್ಟೆ ಕಲ್ಲಾಗಿತ್ತು. “ಬೆಳಗ್ಗೆಯಿಂದ ಒಂದು ಹನಿ ಆಗಿಲ್ಲಮ್ಮ.” ಕುರ್ಚಿಯಲ್ಲಿದ್ದ ಗಿರಾಕಿ, ಒಂದು ಕೆನ್ನೆಯ ತುಂಬ ನೊರೆ ಇಟ್ಟುಕೊಂಡೇ ತನ್ನ ಕಾರಿನಲ್ಲಿ ಆಸ್ಪತ್ರೆಗೆ ತಲುಪಿಸಿದ.

ನಳಿಕೆ ಹಾಕಿದಾಗ ಒಂದೂಕಾಲು ಲೀಟರ್ ಮೂತ್ರ ಬಂತು.

“ಪ್ರಾಸ್ಟೇಟ್ ಗ್ರಂಥಿ ದಪ್ಪಗಾಗಿ ದಾರಿ ಮೊದಲೇ ಇಕ್ಕಟ್ಟಾಗಿದೆ,” ಎಂದರು ಡಾಕ್ಟರು. “ಯಾವುದಾದ್ರೂ ಮಾತ್ರೆ ತಗೊಂಡ್ರಾ?”

ಅವಳು ಚೀಲದಿಂದ ಶೀತದ ಮಾತ್ರೆಯ ಪಟ್ಟಿ ತೆಗೆದು ತೋರಿಸಿದಳು.

“ಹಾಗಾದ್ರೆ ಪೂರ್ತಿ ಮುಚ್ಚಿದ್ದು ಇದೇ. ಇಂಥವರಿಗೆ ಇದು ಆಗಲ್ಲ. ಇನ್ನೂ ತಡವಾಗಿದ್ರೆ ಮೂತ್ರಪಿಂಡಕ್ಕೇ ಪೆಟ್ಟು.”

ಅವಳು ಪಟ್ಟಿಯನ್ನು ಮತ್ತೆ ನೋಡಿದಳು. ಕೊಟ್ಟದ್ದು ತಾನೇ, ಅದೂ ನೀರಿನ ಲೋಟದ ಜೊತೆ, ಅಕ್ಕರೆಯಿಂದ.

“ತೊಂದರೆ ಎಷ್ಟು ದಿನದಿಂದ?” ಎಂದು ಡಾಕ್ಟರು ಮಾವನನ್ನು ಕೇಳಿದರು.

“ಎರಡು ವರ್ಷ,” ಎಂದರು ಮಾವ, ಗೋಡೆ ನೋಡುತ್ತ. “ಅಂಗಡಿಯಲ್ಲಿ ಎದ್ದು ಹೋಗ್ಬಾರ್ದು ಅಂತ ನೀರೇ ಬಿಟ್ಟೆ.”

ಎರಡು ವರ್ಷ. ಒಂದೇ ಮನೆ, ಒಂದೇ ಬಚ್ಚಲು. ಕೂಸಿನ ಬಟ್ಟೆ ಒದ್ದೆಯಾದರೆ ನಿದ್ದೆಯಲ್ಲೂ ತಿಳಿಯುತ್ತಿದ್ದ ಅವಳಿಗೆ ಇದು ತಿಳಿದಿರಲಿಲ್ಲ.

“ನನಗೆ ಒಂದು ಮಾತು ಹೇಳ್ಬಾರ್ದಿತ್ತಾ ಮಾವ?”

“ಮಗನ ಹತ್ರಾನೇ ಬಾಯಿ ಬರ್ಲಿಲ್ಲ, ಸೊಸೆ ಹತ್ರ ಹೇಗಮ್ಮ?” ಮಂಚದ ಪಕ್ಕ ತೂಗುತ್ತಿದ್ದ ಮೂತ್ರದ ಚೀಲವನ್ನು ಹೊದಿಕೆಯ ಅಂಚಿನಿಂದ ಮುಚ್ಚಿದರು. ಆಮೇಲೆ ದನಿ ತಗ್ಗಿಸಿ ಕೇಳಿದರು. “ಇದು ಇನ್ನೊಂದು ವಾರ ಇರುತ್ತಂತೆ. ನನ್ನ ಅಂಗಡಿ ಕೋಟಿನ ಒಳಗಡೆ, ತೊಡೆ ಹತ್ರ, ಒಂದು ಜೇಬು ಹೊಲಿದುಕೊಡ್ತೀಯಾ? ಆ ಪುಣ್ಯಾತ್ಮನ ಇನ್ನೊಂದು ಕೆನ್ನೆ ಹಾಗೇ ಉಳಿದಿದೆ.”