ನಲವತ್ತನೆಯ ದಿನ, ಮುಂಡಗೋಡದಲ್ಲಿ

ಅವ್ವ ತೀರಿದ ಮೇಲೆ ನಾವು ಅಚ್ಚು ಹಾಕಿಸಿದ ಕಾರ್ಡಿನಲ್ಲಿ ‘ಲಿಂಗೈಕ್ಯರಾದರು’ ಎಂದಿತ್ತು. ನಮ್ಮವರಲ್ಲಿ ಹಾಗೆಯೇ ಬರೆಯುವುದು: ಶಿವನಲ್ಲಿ ಸೇರಿದರು, ಮುಗಿಯಿತು. ಆ ಕಾರ್ಡು ಹಿಡಿದು ನಲವತ್ತನೆಯ ದಿನ ಅಪ್ಪ ಮತ್ತು ನಾನು ದಾಂಡೇಲಿಯಿಂದ ಮುಂಡಗೋಡದ ಟಿಬೇಟಿ ಕ್ಯಾಂಪಿಗೆ ಹೋದೆವು. ಅಲ್ಲಿನ ಒಬ್ಬ ಮುದುಕ ಹಿಂದೆ ಪ್ರತಿ ಚಳಿಗಾಲ ನಮ್ಮ ಕಾಲನಿಗೆ ಸ್ವೆಟರ್ ಮಾರಲು ಬರುತ್ತಿದ್ದ. ಅವ್ವ ಅವನಿಗೆ ಬೈಯುತ್ತಲೇ ಕೊಳ್ಳುತ್ತಿದ್ದಳು.

ಅವನು ಕಾರ್ಡನ್ನು ನನ್ನಿಂದ ಓದಿಸಿದ.

‘ಸತ್ತ ಕೂಡ್ಲೆ ಬಿಡುಗಡಿ? ಛಲೋ ಐತಿ ನಿಮ್ಮದು. ನಮ್ಮಲ್ಲಿ ಹಂಗಿಲ್ಲ ಅಣ್ಣಾರ.’

‘ಮತ್ತ ಹೆಂಗ?’ ಅಪ್ಪ ಮುಂದೆ ಬಾಗಿದ.

‘ಹಳಿಯಾಳದಾಗ ಬಸ್ ಬದಲಿ ಮಾಡಿದ್ರಿ. ಅಷ್ಟಕ್ಕ ಊರು ಮುಟ್ಟಿದಂಗ ಆತೇನ್ರಿ? ಸಾವು ಅಷ್ಟ. ಮನಸಿನಾಗ ಆಸೆ, ಸಿಟ್ಟು ಇದ್ರ ಮತ್ತ ಹುಟ್ಟೂದ, ನಲವತ್ತೊಂಬತ್ತು ದಿನದೊಳಗ. ಅವು ಬಿಟ್ಟಾಗ ಬಿಡುಗಡಿ. ಬದುಕಿದ್ದಾಗನೂ ಆಗಬಹುದು.’ ಆಮೇಲೆ ಕೇಳಿದ, ‘ಕಡೇ ಹೊತ್ತಿನಾಗ ಅಕ್ಕಾರ ಮನಸು ಹೆಂಗಿತ್ತು?’

‘ಶಾಂತ ಇತ್ತು,’ ಎಂದ ಅಪ್ಪ.

ಅದು ಸುಳ್ಳು. ತನ್ನ ತಂಗಿಯನ್ನು ನೋಡಬೇಕು, ಕಲಘಟಗಿಗೆ ಕರೆದುಕೊಂಡು ಹೋಗು ಎಂದು ಅವ್ವ ಹಟ ಹಿಡಿದಿದ್ದಳು. ಆರಾಮಾದ ಮೇಲೆ ನೋಡೋಣ ಎಂದು ಅಪ್ಪ ಮುಂದೂಡುತ್ತ ಹೋದ. ಕಡೆಯ ಎರಡು ದಿನ ಅವಳು ಅವನೊಡನೆ ಮಾತು ಬಿಟ್ಟಳು. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳೆಂದು ನನ್ನ ನೆನಪು. ಆದರೆ ಆ ಮಂಚದ ಪಕ್ಕ ಇರುವುದು ಕಿಟಕಿ. ಗೋಡೆಯನ್ನು ನಾನೇ ತಂದಿಟ್ಟಿರಬೇಕು.

ಅಪ್ಪನೇ ಬಾಯಿಬಿಟ್ಟ. ‘ಸುಳ್ಳ ಹೇಳಿದೆ ನೋಡ್ರಿ. ನನ್ನ ಮ್ಯಾಲಿನ ಸಿಟ್ಟಿನಾಗ ಹೋದ್ಲು. ಆಕಿ ಬಿಡುಗಡಿ ಆಗ್ಯಾಳೋ ಇಲ್ಲೋ, ಅದೊಂದು ಹೇಳ್ರಿ. ನಿದ್ದಿ ಬರವಲ್ದು.’

ಮುದುಕ ಬೆರಳು ಮಡಿಚಿದ. ‘ನನಗೇನ ಗೊತ್ತು? ಆದ್ರ ಇನ್ನೂ ಒಂಬತ್ತು ದಿನ ಐತಿ. ಆಕೀಗೆ ಕೇಳಸ್ತೈತಿ ಅಂತೇವಿ ನಾವು. ಸಿಟ್ಟು ಬಿಟ್ಟು ಮುಂದ ಹೋಗು ಅಂತ ಹೇಳ್ರಿ. ತಿರುಗಿ ಬಾ ಅಂತ ಮಾತ್ರ ಅನಬ್ಯಾಡ್ರಿ.’

ಅವ್ವ ಮಾತು ಬಿಟ್ಟ ದಿನದಿಂದಲೇ ಎಣಿಸುವ ನನ್ನ ಅಕ್ಕನ ಲೆಕ್ಕದಲ್ಲಿ ಉಳಿದದ್ದು ಏಳೇ ದಿನ. ನಾನದನ್ನು ಹೇಳಲಿಲ್ಲ.

‘ಕನ್ನಡದಾಗ ಹೇಳಿದ್ರ ನಡೀತೈತೇನ್ರಿ?’ ಅಪ್ಪ ಕೇಳಿದ.

‘ಅಕ್ಕಾರಿಗೆ ಟಿಬೇಟಿ ಬರ್ತಿತ್ತೇನು? ನನಗ ಬೈದದ್ದೆಲ್ಲಾ ಕನ್ನಡದಾಗನ!’

ಅಪ್ಪ ನಕ್ಕ. ಎದ್ದು ಹೊರಗೆ ಹೋಗಿ ಗೋವಿನಜೋಳದ ಹೊಲಕ್ಕೆ ಮುಖ ಮಾಡಿ ನಿಂತ. ‘ನಂದ ತಪ್ಪಾತು. ಕರ್ಕೊಂಡು ಹೋಗಬೇಕಾಗಿತ್ತು’ ಎಂದದ್ದು ಕೇಳಿಸಿತು. ಮುಂದಿನ ಮಾತಿಗಾಗಿ ಕಾದೆ.

‘ಅಷ್ಟ ಹೇಳಿದೆ,’ ಎನ್ನುತ್ತ ಒಳಗೆ ಬಂದ. ‘ಹೋಗು ಅನ್ನಾಕ ಬಾಯಿ ಬರವಲ್ದು.’

‘ನಾಳೆ ಹೇಳ್ರಿ,’ ಎಂದ ಮುದುಕ. ‘ಅದಕ್ಕ ಅಷ್ಟು ದಿನ ಇಟ್ಟಾರ.’